ಅಂಕಿಗಳ ಪೂರ್ವಾಪರ

(ಉಪ್ಪಲ್‌ನಲ್ಲಿ ನೆರೆದ ಕನ್ನಡಿಗರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕವಿಗೋಷ್ಠಿಗೂ ನಾಟಕಕ್ಕೂ ಒಗ್ಗಿದ ಈ ವೇದಿಕೆಯ ಮೇಲೆ ನಕ್ಷತ್ರಗಳ ಮಾತನಾಡಲು ನನ್ನನ್ನು ಕರೆದಿದ್ದೀರಿ. ನಾನು ಖಗೋಳ ವಿಜ್ಞಾನಿಯಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಹೊಟ್ಟೆಪಾಡಿಗಾಗಿ ಬೀದರ್ ಸೀಮೆಯಿಂದ ಈ ಊರಿಗೆ ಬಂದು, ಕಚೇರಿಯೊಂದರಲ್ಲಿ ಮೂವತ್ತು ವರ್ಷ ಅಳತೆಯ ಪುಸ್ತಕಗಳನ್ನು ಕಾಯ್ದವನು ನಾನು. ನನ್ನ ವಿಷಯವೂ ನಕ್ಷತ್ರಕ್ಕಿಂತ ಹೆಚ್ಚಾಗಿ ನಕ್ಷತ್ರವನ್ನು ಕುರಿತು ಬರೆದಿಟ್ಟ ಅಂಕಿಗೆ ಸೇರಿದ್ದು. ಆ ಅಂಕಿ ಎಲ್ಲಿಂದ ಬಂತು, ಯಾರು ಬರೆದರು, ಯಾವ ಉಪಕರಣದಿಂದ ಅಳೆದರು, ಅನಂತರ ಅದರ ಮೇಲೆ ಏನೇನು ಲೆಕ್ಕಾಚಾರ ನಡೆಯಿತು ಎಂಬ ವಿವರಗಳಿಗೆ ಇಂಗ್ಲಿಷಿನಲ್ಲಿ ಪ್ರಾವೆನೆನ್ಸ್ ಎನ್ನುತ್ತಾರೆ. ನಮ್ಮಲ್ಲಿ ಹೆಣ್ಣು ಕೊಡುವಾಗ, ಹೊಲ ಕೊಳ್ಳುವಾಗ 'ಪೂರ್ವಾಪರ ವಿಚಾರಿಸಿದಿರಾ?' ಎಂದು ಹಿರಿಯರು ಕೇಳುತ್ತಾರಲ್ಲವೇ, ಅದೇ ಮಾತು. ಅಂಕಿಗಳಿಗೂ ಪೂರ್ವಾಪರ ಬೇಕೆಂಬ ಅರಿವು ಖಗೋಳ ವಿಜ್ಞಾನದಲ್ಲಿ ಹೇಗೆ ಬಲಿಯಿತು, ಅದು ನಿಯಮವಾಗಿ ರೂಪುಗೊಳ್ಳಲು ಏಕೆ ಇಷ್ಟು ತಡವಾಯಿತು, ಪರನಾಡಿನಲ್ಲಿ ನೆಲಸಿದ ನಮಗೂ ಅದಕ್ಕೂ ಏನು ನಂಟು ಎಂಬುದನ್ನು ನನಗೆ ತಿಳಿದಮಟ್ಟಿಗೆ ನಿವೇದಿಸುತ್ತೇನೆ.

ಮೊದಲು ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬಯಲಿನಿಂದ ಬಂದ ಅಳತೆಯ ಕರಡು ಪುಸ್ತಕವೊಂದನ್ನು ಶುದ್ಧಪ್ರತಿ ಮಾಡುವ ಕೆಲಸ ನನಗೆ ಬಿತ್ತು. ದುಂಡು ಅಕ್ಷರಗಳಲ್ಲಿ, ಒಂದೂ ಗೀಟಿಲ್ಲದಂತೆ ಬರೆದೆ. ಮೇಲಧಿಕಾರಿಗಳು ಮೆಚ್ಚಿದರು. ಆ ಮೆಚ್ಚುಗೆಯ ಹುರುಪಿನಲ್ಲಿ, ಮಣ್ಣು ಮೆತ್ತಿ ಹರಿದಿದ್ದ ಕರಡನ್ನು ರದ್ದಿಗೆ ಹಾಕಿದೆ. ಆರು ತಿಂಗಳ ಮೇಲೆ ಒಂದು ಕಡೆ ಲೆಕ್ಕ ಕೂಡಲಿಲ್ಲ. ತಪ್ಪು ಉಪಕರಣದ್ದೋ, ಅಳೆದವನದೋ, ನಕಲು ಮಾಡಿದ ನನ್ನದೋ ಎಂದು ತೀರ್ಮಾನಿಸಲು ಯಾವ ಆಧಾರವೂ ಉಳಿದಿರಲಿಲ್ಲ. ಐದು ಮಂದಿ ಬಿಸಿಲಿನಲ್ಲಿ ಮತ್ತೆ ಹೋಗಿ ಅಳೆದು ಬರಬೇಕಾಯಿತು. ಅವರಲ್ಲಿ ಒಬ್ಬರೂ ನನ್ನನ್ನು ಬೈಯಲಿಲ್ಲ. ಅದೇ ನನಗೆ ಹೆಚ್ಚು ನೋಯಿಸಿತು. ಅಂದವಾದ ಶುದ್ಧಪ್ರತಿಗಿಂತ ಕೊಳಕಾದ ಕರಡು ಹೆಚ್ಚು ಬೆಲೆಯುಳ್ಳದ್ದೆಂಬುದನ್ನು ನಾನು ಕಲಿತದ್ದು ಹೀಗೆ.

ಎರಡನೆಯದು ನಮ್ಮ ಮನೆತನದ ಸಂಗತಿ. ನಮ್ಮ ತಾತನವರ ಹೊಲದ ಕಾಗದವೊಂದರ ಮೇಲೆ ಉರ್ದುವಿನಲ್ಲಿ 1340 ಎಂಬ ವರ್ಷ ಬರೆದಿತ್ತು. ಅದನ್ನು ಹಿಜರಿಯೆಂದು ಓದಿದರೆ 1921-22 ಆಗುತ್ತದೆ. ನಿಜಾಮರ ಸರ್ಕಾರದ ಫಸಲಿಯೆಂದು ಓದಿದರೆ 1930-31 ಆಗುತ್ತದೆ. ನಡುವೆ ಒಂಬತ್ತು ವರ್ಷಗಳ ಅಂತರ. ಅಣ್ಣತಮ್ಮಂದಿರ ಪಾಲು ಆದದ್ದು ಆ ಒಂಬತ್ತು ವರ್ಷಗಳ ನಡುವೆ! ಹೊಲ ಪಾಲಿಗೆ ಮುಂಚಿನದೋ ಅನಂತರದ್ದೋ ಎಂಬ ಒಂದೇ ಪ್ರಶ್ನೆಯ ಮೇಲೆ ಎರಡು ಮನೆಗಳ ನಡುವೆ ಒಂದು ತಲೆಮಾರು ಮಾತು ನಿಂತುಹೋಗಿತ್ತು. ಅಂಕಿ ಸರಿಯಾಗಿಯೇ ಇತ್ತು. ಅದು ಯಾವ ಲೆಕ್ಕದ ಅಂಕಿಯೆಂಬ ಒಂದು ಪದ ಮಾತ್ರ ಕಾಗದದಂಚಿನೊಡನೆ ಹರಿದುಹೋಗಿತ್ತು.

ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬೇಗಂಪೇಟೆಯ ಕಡೆಗೆ ಬನ್ನಿ. ಅಲ್ಲಿನ ನಿಜಾಮಿಯಾ ವೇಧಶಾಲೆಯ ಹೆಸರನ್ನು ತಾವು ಕೇಳಿರಬಹುದು. ನವಾಬ್ ಜಫರ್ ಜಂಗ್ ಎಂಬ ಆಸ್ಥಾನದ ಶ್ರೀಮಂತರು ಸ್ವಂತ ಆಸಕ್ತಿಯಿಂದ 1901ರಲ್ಲಿ ದುರ್ಬೀನನ್ನು ತರಿಸಿ ವೇಧಶಾಲೆಯನ್ನು ಆರಂಭಿಸಿದರು. ಅವರ ಕಾಲಾನಂತರ 1908ರಲ್ಲಿ ಅದು ನಿಜಾಮರ ಸರ್ಕಾರದ ವಶಕ್ಕೆ ಬಂದಿತು. ಅದಕ್ಕೂ ಮುಂಚೆಯೇ, 1887ರಲ್ಲಿ, ಪ್ಯಾರಿಸಿನಲ್ಲಿ ಸೇರಿದ್ದ ಖಗೋಳ ವಿಜ್ಞಾನಿಗಳ ಸಮ್ಮೇಳನವು ಇಡೀ ಆಕಾಶವನ್ನು ಗಾಜಿನ ಫಲಕಗಳ ಮೇಲೆ ಛಾಯಾಚಿತ್ರವಾಗಿ ಸೆರೆಹಿಡಿದು ನಕ್ಷತ್ರಗಳ ಪಟ್ಟಿ ಮಾಡಬೇಕೆಂದು ನಿಶ್ಚಯಿಸಿತ್ತು. ಆಕಾಶವನ್ನು ಹೊಲ ಹಂಚಿದಂತೆ ಪಟ್ಟೆಪಟ್ಟೆಯಾಗಿ ಹಂಚಲಾಯಿತು. ಚಿಲಿ ದೇಶದ ಸಾಂಟಿಯಾಗೊ ವೇಧಶಾಲೆಗೆ ವಹಿಸಿದ್ದ ದಕ್ಷಿಣದ 17ರಿಂದ 23 ಡಿಗ್ರಿಗಳವರೆಗಿನ ಪಟ್ಟೆಯ ಕೆಲಸ ಅಲ್ಲಿ ಸಾಗದೆ, ಕಡೆಗೆ ನಮ್ಮ ಹೈದರಾಬಾದಿನ ಪಾಲಿಗೆ ಬಂದಿತು. ಆಮೇಲೆ ಉತ್ತರದ 36ರಿಂದ 39 ಡಿಗ್ರಿಗಳ ಪಟ್ಟೆಯನ್ನೂ ಹೈದರಾಬಾದೇ ಹೊತ್ತಿತು. 1918ರಿಂದ 1944ರವರೆಗೆ ಟಿ. ಪಿ. ಭಾಸ್ಕರನ್ ಅವರು ನಿರ್ದೇಶಕರಾಗಿದ್ದು ಈ ಕಾರ್ಯದ ಬಹುಭಾಗವನ್ನು ನಡೆಸಿದರು. ಹನ್ನೆರಡು ಸಂಪುಟಗಳು, 7,63,542 ನಕ್ಷತ್ರಗಳು. ಕಂಪ್ಯೂಟರು ಇಲ್ಲದ ಕಾಲದಲ್ಲಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದು ಚುಕ್ಕೆಯನ್ನೂ ಕಣ್ಣಿನಿಂದ ನೋಡಿ, ಕೈಯಿಂದ ಬರೆದದ್ದು.

ಇಷ್ಟೊಂದು ಶ್ರಮದ ಸಂಪುಟಗಳು ಬಹುಕಾಲ ಗ್ರಂಥಾಲಯಗಳಲ್ಲಿ ಧೂಳು ತಿಂದವು. ಜಗತ್ತಿನ ಎಲ್ಲ ವೇಧಶಾಲೆಗಳ ಸಂಪುಟಗಳು ಅಚ್ಚಾಗಿ ಮುಗಿಯುವಷ್ಟರಲ್ಲಿ 1964 ಆಗಿತ್ತು. ಅಷ್ಟರಲ್ಲಿ ಈ ಯೋಜನೆಯನ್ನು ಅನೇಕರು ವ್ಯರ್ಥ ಸಾಹಸವೆಂದು ಆಡಿಕೊಳ್ಳತೊಡಗಿದ್ದರು. ಆದರೆ 1989ರಲ್ಲಿ ಯುರೋಪು ಹಿಪ್ಪಾರ್ಕಸ್ ಎಂಬ ಉಪಗ್ರಹವನ್ನು ಹಾರಿಸಿ ನಕ್ಷತ್ರಗಳ ಸ್ಥಾನಗಳನ್ನು ಅತಿ ನಿಖರವಾಗಿ ಅಳೆಯಿತು. ನಕ್ಷತ್ರ ಇಂದು ಎಲ್ಲಿದೆಯೆಂದು ಉಪಗ್ರಹ ಹೇಳಬಲ್ಲದು. ಅದು ಯಾವ ಕಡೆಗೆ, ಎಷ್ಟು ವೇಗದಲ್ಲಿ ಸರಿಯುತ್ತಿದೆಯೆಂದು ಚೆನ್ನಾಗಿ ತಿಳಿಯಬೇಕಾದರೆ ಬಹಳ ಹಿಂದೆ ಅದು ಎಲ್ಲಿತ್ತೆಂಬುದೂ ಬೇಕು. ಆಗ ಎಲ್ಲರ ಕಣ್ಣು ಈ ಹಳೆಯ ಸಂಪುಟಗಳ ಮೇಲೆ ಬಿತ್ತು. ಅಮೆರಿಕದ ನೌಕಾ ವೇಧಶಾಲೆಯವರು ಎಲ್ಲ ಪಟ್ಟೆಗಳ ಸುಮಾರು 46 ಲಕ್ಷ ನಕ್ಷತ್ರಗಳ ಅಳತೆಗಳನ್ನು ಮರಳಿ ಲೆಕ್ಕಹಾಕಿದರು. 2000ರಲ್ಲಿ ಹೊರಬಂದ ಟೈಕೊ-2 ಎಂಬ 25 ಲಕ್ಷ ನಕ್ಷತ್ರಗಳ ಪಟ್ಟಿಯಲ್ಲಿ, ನಕ್ಷತ್ರಗಳ ಚಲನೆಯನ್ನು ನಿರ್ಧರಿಸಿದ್ದು ಮುಖ್ಯವಾಗಿ ಈ ಹಳೆಯ ಅಳತೆಗಳ ನೆರವಿನಿಂದ.

ಮರಳಿ ಲೆಕ್ಕಹಾಕಲು ಸಾಧ್ಯವಾದದ್ದು ಹೇಗೆ? ಇಲ್ಲಿಯೇ ನನ್ನ ಮಾತಿನ ತಿರುಳಿದೆ. ಈ ಯೋಜನೆಯ ಹಿರಿಯರು ತಮ್ಮ ಅಂತಿಮ ಉತ್ತರವನ್ನಷ್ಟೇ ಅಚ್ಚು ಮಾಡಿದವರಲ್ಲ. ಛಾಯಾಚಿತ್ರ ತೆಗೆಯುವ ಮುನ್ನವೇ ಫಲಕದ ಮೇಲೆ ಸಣ್ಣ ಚೌಕಗಳ ಜಾಲವೊಂದನ್ನು ಮೂಡಿಸುತ್ತಿದ್ದರು; ಫಲಕಕ್ಕೆ ಬಳಿದ ಲೇಪ ಮುಂದೆ ಹಿಗ್ಗಿದರೆ ಕುಗ್ಗಿದರೆ ಅದು ಆ ಜಾಲದಲ್ಲಿ ಕಂಡುಬರುತ್ತಿತ್ತು. ಅನಂತರ ಯಾವ ಫಲಕ, ಎಂದು ತೆಗೆದದ್ದು, ಆ ಜಾಲದಲ್ಲಿ ನಕ್ಷತ್ರ ಅಡ್ಡಕ್ಕೆಷ್ಟು ಉದ್ದಕ್ಕೆಷ್ಟು ದೂರದಲ್ಲಿ ಕಂಡಿತು ಎಂಬ ಹಸಿ ಅಳತೆಯನ್ನೇ ಸಂಪುಟಗಳಲ್ಲಿ ಕೊಟ್ಟರು. ಅದನ್ನು ಆಕಾಶದ ಸ್ಥಾನಕ್ಕೆ ಪರಿವರ್ತಿಸುವ ಸೂತ್ರದ ಅಂಕಿಗಳನ್ನು ಪ್ರತ್ಯೇಕವಾಗಿ ಕೊಟ್ಟರು. ತಮ್ಮ ಕಾಲದ ಆಧಾರ ನಕ್ಷತ್ರಗಳ ಪಟ್ಟಿ ಅಪೂರ್ಣವೆಂದು, ಮುಂದೆ ಯಾರಾದರೂ ಇದಕ್ಕಿಂತ ಚೆನ್ನಾಗಿ ಪರಿವರ್ತಿಸಿಯಾರೆಂದು ಅವರು ಬಲ್ಲರು. ನಾನು ರದ್ದಿಗೆ ಹಾಕಿದ ಕರಡನ್ನು ಅವರು ಅಚ್ಚು ಹಾಕಿಸಿದರು. ಆದುದರಿಂದಲೇ ಬೇಗಂಪೇಟೆಯಲ್ಲಿ ಬರೆದ ಅಂಕಿ ಸುಮಾರು ಎಂಬತ್ತು ವರ್ಷಗಳ ಮೇಲೆ ವಾಷಿಂಗ್ಟನ್ನಿನಲ್ಲಿ ಮಾತನಾಡಿತು.

ಈ ಬಗೆಯ ವಿವೇಕ ಕನ್ನಡಿಗರಿಗೆ ಹೊಸದಲ್ಲ. ನಮ್ಮ ಶಾಸನಗಳನ್ನೇ ನೋಡಿ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಎಷ್ಟೋ ವೇಳೆ ಅಂದಿನ ಸಂಕ್ರಾಂತಿ ಇಲ್ಲವೆ ಗ್ರಹಣ. ದಾನ ಕೊಟ್ಟವರು, ಪಡೆದವರು, ಭೂಮಿಯ ಎಲ್ಲೆ, ಸಾಕ್ಷಿಗಳು. ಕೊನೆಗೆ ಬರೆದವನ ಹೆಸರು, ಕಂಡರಿಸಿದ ರೂವಾರಿಯ ಹೆಸರು. ಒಂದು ಅಂಶ ತಪ್ಪಿದರೆ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ. ತಿಥಿಯೂ ವಾರವೂ ಕೂಡಿಬರುತ್ತವೆಯೇ, ಹೇಳಿದ ದಿನ ಗ್ರಹಣವಿತ್ತೇ ಎಂದು ಗಣಿತದಿಂದ ಪರೀಕ್ಷಿಸಿ ವಿದ್ವಾಂಸರು ಕಾಲನಿರ್ಣಯ ಮಾಡುತ್ತಾರೆ. ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಫ್ಲೀಟ್ ಅವರು ಕೂಟಶಾಸನಗಳೆಂದು ತಳ್ಳಿಹಾಕಿದ್ದು, ರೈಸ್ ಅವರು ಅದನ್ನು ಒಪ್ಪದೆ ವಾದಿಸಿದ್ದು ಇತಿಹಾಸ ಓದಿದವರಿಗೆ ಗೊತ್ತು. ಪೂರ್ವಾಪರ ಬರೆದಿದ್ದುದರಿಂದ ತಾನೇ ಆ ವಾದವಾದರೂ ನಡೆಯಲು ಸಾಧ್ಯವಾಯಿತು?

ಇನ್ನು ಕಂಪ್ಯೂಟರಿನ ಕಾಲಕ್ಕೆ ಬರೋಣ. ಗಾಜಿನ ಫಲಕವನ್ನು ಕೈಯಲ್ಲಿ ಹಿಡಿದರೆ ಅದರ ಅಂಚಿನಲ್ಲಿ ಬರೆದದ್ದು ಕಣ್ಣಿಗೆ ಬೀಳುತ್ತದೆ. ಕಾಂತಪಟ್ಟಿಯ ಮೇಲಿನ ಅಂಕಿಗಳಿಗೆ ಅಂಚೇ ಇಲ್ಲ. 1970ರ ದಶಕದಲ್ಲಿ ಒಂದು ವೇಧಶಾಲೆಯ ಪಟ್ಟಿಯನ್ನು ಇನ್ನೊಂದು ವೇಧಶಾಲೆಯ ಯಂತ್ರ ಓದಲಾರದೆ ತೊಡಕಾದಾಗ, 1979ರ ಸುಮಾರಿಗೆ ಅಮೆರಿಕ ಮತ್ತು ಹಾಲೆಂಡಿನ ಕೆಲವರು ಸೇರಿ ಫಿಟ್ಸ್ ಎಂಬ ವಿನ್ಯಾಸವನ್ನು ರೂಪಿಸಿದರು. 1981ರಲ್ಲಿ ಅದು ಪ್ರಕಟವಾಯಿತು, 1982ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅದನ್ನು ಅನುಮೋದಿಸಿತು. ಪ್ರತಿ ಚಿತ್ರದ ತಲೆಯ ಮೇಲೆ, ಮನುಷ್ಯರೂ ಓದಬಹುದಾದ ಸಾಲುಗಳಲ್ಲಿ, ದುರ್ಬೀನು ಯಾವುದು, ನೋಡಿದವರು ಯಾರು, ಎಂದು ನೋಡಿದ್ದು ಎಂದು ಬರೆಯುವ ಏರ್ಪಾಡು ಅದರಲ್ಲಿದೆ. ಚಿತ್ರಕ್ಕೆ ಏನೇನು ಸಂಸ್ಕಾರವಾಯಿತೆಂದು ಬರೆಯಲು 'ಹಿಸ್ಟರಿ' ಎಂಬ ಸಾಲನ್ನೂ ಇಟ್ಟರು. ಆದರೆ ಅಲ್ಲಿ ಏನು ಬರೆಯಬೇಕು, ಹೇಗೆ ಬರೆಯಬೇಕು ಎಂಬುದಕ್ಕೆ ಕಟ್ಟುಪಾಡಿರಲಿಲ್ಲ. ಒಬ್ಬರು ಪುಟಗಟ್ಟಲೆ ಬರೆದರು, ಇನ್ನೊಬ್ಬರು ಖಾಲಿ ಬಿಟ್ಟರು.

ದಿನಾಂಕದ ಒಂದು ಸಾಲನ್ನೇ ತೆಗೆದುಕೊಳ್ಳಿ. ಮೊದಲಿಗೆ ದಿನ, ತಿಂಗಳು, ವರ್ಷದ ಕೊನೆಯ ಎರಡು ಅಂಕಿ ಎಂದು ಬರೆಯುವ ಪದ್ಧತಿಯಿತ್ತು. ಎರಡು ಸಾವಿರದ ಇಸವಿ ಹತ್ತಿರವಾದಂತೆ, 05 ಎಂದರೆ 1905ರ ಹಳೆಯ ಫಲಕವೋ 2005ರ ಹೊಸ ಚಿತ್ರವೋ ಎಂಬ ಪ್ರಶ್ನೆ ಎದ್ದಿತು. ನೂರು ವರ್ಷದ ಫಲಕಗಳನ್ನು ಇಟ್ಟುಕೊಂಡವರಿಗೆ ಇದು ತಮಾಷೆಯಲ್ಲ. 1997ರಲ್ಲಿ ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಮೊದಲು ಬರೆಯುವ ಕ್ರಮಕ್ಕೆ ಎಲ್ಲರೂ ಒಪ್ಪಿದರು. ನಮ್ಮ ತಾತನವರ 1340ರ ಕಾಗದವನ್ನು ಬಲ್ಲ ನನಗೆ ಇದನ್ನು ಓದಿದಾಗ ನಗುವೂ ಬಂತು, ಗೌರವವೂ ಮೂಡಿತು.

ಪೂರ್ವಾಪರವನ್ನು ಬಲ್ಲದ್ದರಿಂದ ತಪ್ಪು ತಪ್ಪುತ್ತದೆಯೆಂದಲ್ಲ. ತಪ್ಪನ್ನು ಹಿಡಿಯಲು ದಾರಿಯಾಗುತ್ತದೆ. 1991ರ ಜುಲೈಯಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಲೈನ್ ಮತ್ತು ಅವರ ಸಂಗಡಿಗರು ಪಲ್ಸಾರ್ ಒಂದರ ಸುತ್ತ ಆರು ತಿಂಗಳಿಗೊಮ್ಮೆ ಸುತ್ತುವ ಗ್ರಹವನ್ನು ಕಂಡೆವೆಂದು ಸಾರಿದರು. ಜಗತ್ತು ಬೆರಗಾಯಿತು. ಮುಂದೆ ಲೈನ್ ಅವರೇ ತಮ್ಮ ಲೆಕ್ಕದ ಮೆಟ್ಟಿಲುಗಳನ್ನು ಹಿಂದಕ್ಕಿಳಿದು ನೋಡಿದಾಗ, ಪಲ್ಸಾರಿನ ಸ್ಥಾನವನ್ನು ತುಸು ತಪ್ಪಾಗಿ ಇಟ್ಟುಕೊಂಡು ಭೂಮಿಯ ಚಲನೆಯನ್ನು ಸ್ಥೂಲವಾಗಿ ಕಳೆದದ್ದರಿಂದ ಈ ಗ್ರಹ 'ಹುಟ್ಟಿತ್ತು' ಎಂದು ತಿಳಿಯಿತು. 1992ರ ಜನವರಿಯಲ್ಲಿ ಅಟ್ಲಾಂಟಾದ ತುಂಬಿದ ಸಭೆಯಲ್ಲಿ ಅವರು ಎದ್ದುನಿಂತು ಇದನ್ನು ಒಪ್ಪಿಕೊಂಡರು. ಸಭೆ ದೀರ್ಘವಾಗಿ ಕರತಾಡನ ಮಾಡಿತು. ಅವರ ಪ್ರಾಮಾಣಿಕತೆ ದೊಡ್ಡದು. ಆದರೆ ಮೆಟ್ಟಿಲುಗಳೇ ಉಳಿದಿರದಿದ್ದರೆ ಪ್ರಾಮಾಣಿಕನಾದವನೂ ಏನು ಮಾಡಬಲ್ಲ?

ಇದಕ್ಕೆಲ್ಲ ಒಂದು ಸರ್ವಸಮ್ಮತ ನಿಯಮ ಬೇಕೆಂಬ ಕೂಗು ಬಲವಾದದ್ದು ಈ ಶತಮಾನದ ಆರಂಭದಲ್ಲಿ. ಜಗತ್ತಿನ ವೇಧಶಾಲೆಗಳ ಸಂಗ್ರಹಗಳನ್ನೆಲ್ಲ ಒಂದೇ ಆಕಾಶದಂತೆ ನೋಡಲು ಅನುವಾಗಲೆಂದು 2002ರಲ್ಲಿ ಅಂತರರಾಷ್ಟ್ರೀಯ ವರ್ಚುವಲ್ ಅಬ್ಸರ್ವೇಟರಿ ಒಕ್ಕೂಟ ಸ್ಥಾಪಿತವಾಯಿತು. ಪುಣೆಯ ಅಂತರವಿಶ್ವವಿದ್ಯಾಲಯ ಖಗೋಳ ಕೇಂದ್ರದ ಮೂಲಕ ಭಾರತವೂ ಆರಂಭದ ದಿನಗಳಿಂದ ಅದರಲ್ಲಿ ಪಾಲುಗೊಂಡಿದೆ. ಆದರೆ ಪೂರ್ವಾಪರದ ವಿನ್ಯಾಸಕ್ಕೆ ಆ ಒಕ್ಕೂಟದ ಅಂತಿಮ ಅಂಗೀಕಾರ ದೊರೆತದ್ದು 2020ರ ಏಪ್ರಿಲ್‌ನಲ್ಲಿ. ಹದಿನೆಂಟು ವರ್ಷಗಳು!

ಅದರ ಒಳಗೇನಿದೆಯೆಂದರೆ, ನಮ್ಮ ಶಾಲೆಯ ವ್ಯಾಕರಣವೇ ಇದೆ. ಮೂರು ಮುಖ್ಯ ಪದಾರ್ಥಗಳು: ವಸ್ತು, ಕ್ರಿಯೆ, ಕರ್ತೃ. ಯಾವ ವಸ್ತುವನ್ನು ಬಳಸಲಾಯಿತು, ಯಾವ ಕ್ರಿಯೆಯಿಂದ ಯಾವ ಹೊಸ ವಸ್ತು ಹುಟ್ಟಿತು, ಆ ಕ್ರಿಯೆಗೆ ಹೊಣೆ ಯಾರು? ಇದರ ಮೇಲೆ ಖಗೋಳದವರು ಇನ್ನೊಂದನ್ನು ಸೇರಿಸಿದರು: ಆ ಕ್ರಿಯೆ ನಡೆದಾಗ ಯಂತ್ರವನ್ನೂ ಲೆಕ್ಕದ ವಿಧಾನವನ್ನೂ ಹೇಗೆ ಹೊಂದಿಸಿಟ್ಟಿದ್ದರೆಂಬ ವಿವರ. ಕರ್ತೃವಿಲ್ಲದ ವಾಕ್ಯವನ್ನು ನಮ್ಮ ಮೇಷ್ಟ್ರು ತಿದ್ದುತ್ತಿದ್ದರು. 'ಅಳೆಯಲಾಯಿತು', 'ಸರಿಪಡಿಸಲಾಯಿತು' ಎಂಬ ಕಚೇರಿಯ ಭಾಷೆಗೆ ಈ ನಿಯಮವೂ 'ಯಾರಿಂದ?' ಎಂದು ಕೇಳುತ್ತದೆ.

ಇಷ್ಟು ಸರಳವಾದುದಕ್ಕೆ ಇಷ್ಟು ತಡವೇಕೆ? ನನಗೆ ತೋರುವ ಕಾರಣಗಳು ಮೂರು. ಮೊದಲನೆಯದು, ಎಷ್ಟು ಆಳಕ್ಕೆ ಹೋಗಬೇಕೆಂಬ ಪ್ರಶ್ನೆ. ದುರ್ಬೀನಿನ ಹೆಸರು ಸಾಕೇ, ಕನ್ನಡಿಯನ್ನು ಎಂದು ತೊಳೆದರೆಂಬುದೂ ಬೇಕೇ? ಎಲ್ಲವನ್ನೂ ಬರೆಯಹೋದರೆ ಬರೆಯುವುದೇ ಕೆಲಸವಾಗುತ್ತದೆ. ಎರಡನೆಯದು, ಇಲ್ಲಿ ಆಜ್ಞೆ ಮಾಡುವ ದೊರೆಯಿಲ್ಲ; ರೇಡಿಯೊ ಅಲೆಗಳನ್ನು ಹಿಡಿಯುವವರು, ಗಾಮಾ ಕಿರಣಗಳನ್ನು ಎಣಿಸುವವರು, ಬೆಳಕನ್ನು ನೋಡುವವರು ತಮ್ಮತಮ್ಮ ಮನೆಯ ರೂಢಿಯನ್ನು ತುಸು ಬಿಟ್ಟುಕೊಟ್ಟ ಹೊರತು ಒಮ್ಮತ ಮೂಡದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಬರೆದಿಡುವ ಶ್ರಮ ಇಂದಿನವನದು, ಅದರ ಫಲ ಅವನು ಎಂದೂ ಕಾಣದವನದು. ಇದಕ್ಕೆ ಬಡ್ತಿಯಿಲ್ಲ, ಪ್ರಶಸ್ತಿಯಿಲ್ಲ. ಸಾಲುಮರ ನೆಟ್ಟವರ ಧರ್ಮವಿದು.

ಈ ಧರ್ಮ ತಪ್ಪಿದಲ್ಲಿ ಏನಾಗುತ್ತದೆಂಬುದಕ್ಕೆ ಉದಾಹರಣೆ ದೂರವಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕೊಡೈಕೆನಾಲಿನಲ್ಲಿ 1904ರಿಂದ ತೆಗೆದ ಸೂರ್ಯನ ಚಿತ್ರಗಳಿವೆ. ಜಗತ್ತಿನಲ್ಲಿಯೇ ಅಪರೂಪದ ನಿಧಿಯದು. ಅವುಗಳನ್ನು ಕಂಪ್ಯೂಟರಿಗೆ ಇಳಿಸಿದ ಮೇಲೆ ನೋಡಿದರೆ ಕೆಲವಕ್ಕೆ ದಿನ, ವೇಳೆ ತಾಳೆಯಾಗುತ್ತಿರಲಿಲ್ಲ. ಕೆಲವಲ್ಲಿ ಸೂರ್ಯನ ಉತ್ತರ ದಿಕ್ಕು ಯಾವ ಕಡೆಗೆಂಬ ಗೊಂದಲ. ಬೇರೆ ದೇಶಗಳ ಚಿತ್ರಗಳೊಡನೆ ಹೋಲಿಸಿ ಅವನ್ನು ಸರಿಪಡಿಸಲು ಸಂಶೋಧಕರು ವರ್ಷಗಟ್ಟಲೆ ದುಡಿದಿದ್ದಾರೆ. ಅದೇ ಸಂಸ್ಥೆಯವರು ಇಂದು ಲಡಾಖಿನ ಹಾನ್ಲೆಯಲ್ಲಿರುವ ದುರ್ಬೀನನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆ. ಬಿಡದಿಯ ಹತ್ತಿರದ ಬ್ಯಾಲಾಳು ಗ್ರಾಮದಲ್ಲಿ ಚಂದ್ರಯಾನ, ಆಸ್ಟ್ರೋಸ್ಯಾಟ್‌ಗಳ ಅಂಕಿಗಳು ಬಂದು ಸೇರುತ್ತವೆ. ನೋಡುವವನು ಒಂದೆಡೆ, ಕಣ್ಣು ಇನ್ನೊಂದೆಡೆ, ಕಂಡದ್ದು ಮತ್ತೊಂದೆಡೆ ಇರುವಾಗ ಪೂರ್ವಾಪರ ಬರೆಯದಿದ್ದರೆ ಗತಿಯೇನು? ನಮ್ಮ ಉಪ್ಪಲ್ ರಸ್ತೆಯ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯಲ್ಲಿಯೂ 1964ರಿಂದ ಭೂಮಿಯ ಕಾಂತತ್ವವನ್ನು ಅಳೆಯುತ್ತ ಬಂದಿದ್ದಾರೆ. ಅಂಥ ಅಳತೆಯಲ್ಲಿ ಹತ್ತಿರದ ಕಬ್ಬಿಣವೂ ವಿದ್ಯುತ್ತಿನ ಹರಿವೂ ಕೈಯಾಡಿಸುತ್ತವೆ. ಊರು ಬೆಳೆದಂತೆ ಅಂಕಿ ಬದಲಾದರೆ, ಬದಲಾದದ್ದು ಭೂಮಿಯೋ ಊರೋ ಎಂದು ಹೇಳಬೇಕಾದುದು ಪಕ್ಕದಲ್ಲಿ ಬರೆದಿಟ್ಟ ಟಿಪ್ಪಣಿಯೇ.

ಬಂಧುಗಳೇ, ಇನ್ನು ನಮ್ಮ ಮಾತು. 1956ರಲ್ಲಿ ಹೈದರಾಬಾದ್ ಸಂಸ್ಥಾನ ಮೂರು ಪಾಲಾದಾಗ ಬೀದರ್, ಗುಲ್ಬರ್ಗ, ರಾಯಚೂರು ಕನ್ನಡ ನಾಡಿಗೆ ಸೇರಿದವು. ನಮ್ಮಲ್ಲಿ ಅನೇಕರ ಹಿರಿಯರು ಇಲ್ಲಿಯೇ ಉಳಿದರು. ಅವರು ಕಟ್ಟಿದ ಶಾಲೆ, ನಡೆಸಿದ ಸಭೆ, ಆಡಿದ ನಾಟಕ ಎಲ್ಲಿ ದಾಖಲಾಗಿದೆ? ನಾಡಿನ ಒಳಗಿದ್ದವರ ಚರಿತ್ರೆಯನ್ನು ಸರ್ಕಾರವೋ ವಿಶ್ವವಿದ್ಯಾಲಯವೋ ಬರೆದೀತು. ಹೊರನಾಡಿನವರದನ್ನು ಎರಡು ರಾಜ್ಯಗಳೂ ತಮ್ಮದಲ್ಲವೆಂದು ಬಿಡುವ ಸಂಭವವೇ ಹೆಚ್ಚು. ಸಂಘದ ಬೀರುವಿನಲ್ಲಿ ಹಳೆಯ ಭಾವಚಿತ್ರಗಳಿವೆ. ಮೊನ್ನೆ ಕೆಲವನ್ನು ತೆಗೆದು ನೋಡಿದೆ. ಹಾರ ಹಾಕಿಸಿಕೊಳ್ಳುತ್ತಿರುವ ಅತಿಥಿಗಳ ಗುರುತು ಸಿಕ್ಕಿತು. ಹಿಂದೆ ನಿಂತು ತಟ್ಟೆ ಹಿಡಿದ ತಾಯಿ ಯಾರು, ಪರದೆ ಎಳೆಯುತ್ತಿದ್ದ ಹುಡುಗ ಯಾರು? ಹಿಂಬದಿಯಲ್ಲಿ ಒಂದಕ್ಷರವಿಲ್ಲ. ಅವರನ್ನು ಗುರುತಿಸಬಲ್ಲವರು ಇಂದು ಈ ಸಭೆಯಲ್ಲಿ ನಾಲ್ಕೈದು ಮಂದಿ ಇದ್ದೀರಿ. ನಾವು ಎಷ್ಟು ದಿನ ಇರುತ್ತೇವೆ?

ಆದುದರಿಂದ ನನ್ನದೊಂದು ಬಿನ್ನಹ. ಮುಂದಿನ ತಿಂಗಳಿಂದ ಒಂದು ಭಾನುವಾರ ನಾವು ಹಿರಿಯರು ಕಿರಿಯರೊಡನೆ ಕುಳಿತು, ಪ್ರತಿಯೊಂದು ಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯೋಣ: ಯಾರು, ಎಲ್ಲಿ, ಯಾವ ವರ್ಷ, ಇದನ್ನು ಹೇಳಿದವರು ಯಾರು, ಬರೆದವರು ಯಾರು, ಬರೆದ ದಿನ ಯಾವುದು. ಖಚಿತವಿಲ್ಲದ್ದನ್ನು ಖಚಿತವಿಲ್ಲವೆಂದೇ ಬರೆಯೋಣ. ಇಬ್ಬರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಬರೆಯೋಣ. ಜಗಳ ಬೇಡ, ಮುಂದಿನವರು ತೀರ್ಮಾನಿಸಲಿ. ಹಳೆಯ ಹಾಜರಿ ಪುಸ್ತಕ, ಚಂದಾ ರಸೀತಿಗಳ ಶುದ್ಧಪ್ರತಿ ಮಾಡಿದ ಮೇಲೆ ಕರಡನ್ನು ಮಾತ್ರ ದಯವಿಟ್ಟು ಯಾರೂ ರದ್ದಿಗೆ ಹಾಕಬೇಡಿ.

ಬೇಗಂಪೇಟೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತವರು ತಮ್ಮ ಅಂಕಿಯನ್ನು ಯಾರು ಓದುವರೆಂದು ತಿಳಿಯದೆಯೇ ಅಷ್ಟು ಶ್ರದ್ಧೆಯಿಂದ ಬರೆದರು. ನಾವೂ ಅಷ್ಟು ಮಾಡಿದರೆ ಸಾಕು. ಪೆನ್ಸಿಲುಗಳನ್ನು ನಾನು ತರುತ್ತೇನೆ.